ಬಕೆಟ್ಟಿಗೆ ಬಂದ ಕೆಂಪು ನೂಲು

ಬಾವಿಯ ಹೂಳೆತ್ತುವ ದಿನ ಏನೇನು ಮೇಲೆ ಬರುತ್ತದೆ ಎಂಬುದು ಬಾವಿ ಇರುವ ಮನೆಯವರಿಗೆ ಗೊತ್ತು. ಎಂದೋ ಹಗ್ಗ ಹರಿದು ಬಿದ್ದ ಕೊಡಪಾನ, ಮಕ್ಕಳ ಚೆಂಡು, ನಾಲ್ಕು ಕಪ್ಪೆ, ಕೊಳೆತ ಎಲೆಯ ರಾಡಿ. ಕೇರಳದ ಕೆಲವು ಊರುಗಳಲ್ಲಿ ಇವುಗಳ ಜೊತೆ ಅಪರೂಪಕ್ಕೆ ಇನ್ನೊಂದು ಬರುತ್ತದೆ. ಕಿರುಬೆರಳಿಗಿಂತ ಗಿಡ್ಡವಾದ, ಕೆಂಪು ನೂಲಿನಂಥ ಒಂದು ಎಳೆ. ಕೆಸರು ತಿಳಿಯಾಗುತ್ತಿದ್ದಂತೆ ಎಳೆ ಅಲುಗುವುದು ಕಾಣುತ್ತದೆ. ನೋಡಿದವರು ಎರೆಹುಳವೆಂದೋ ಹಾವಿನ ಮರಿಯೆಂದೋ ತಿಳಿದು ಅಂಗಳದ ಮೂಲೆಗೆ ಚೆಲ್ಲಿಬಿಟ್ಟರೆ ಕತೆ ಅಲ್ಲಿಗೆ ಮುಗಿಯಿತು. ಎಷ್ಟು ಸಲ ಹಾಗೆ ಮುಗಿದಿದೆಯೋ ಲೆಕ್ಕ ಇಟ್ಟವರಿಲ್ಲ.

ಚೆಲ್ಲದೆ ಉಳಿಸಿಕೊಂಡವರಿಂದಾಗಿ ನಮಗೆ ಗೊತ್ತಾದ ಮೀನಿನ ಕತೆ ಇದು. ಕಣ್ಣಿಲ್ಲದ ಮೀನು. ಅದು ಇರುವಲ್ಲಿಗೆ ಈವರೆಗೆ ಯಾವ ಮನುಷ್ಯನೂ ಹೋಗಿಲ್ಲ, ಹೋಗಲು ಸಾಧ್ಯವೂ ಇಲ್ಲ.

ಕುರುಡು ಮೀನು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಗುಹೆ. ಹಣೆಗೆ ದೀಪ ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು ಕತ್ತಲೊಳಗೆ ಇಳಿಯುವ ಸಾಹಸಿಗಳು. ಮೇಘಾಲಯದ ಜೈಂತಿಯಾ ಬೆಟ್ಟಗಳ ಸುಣ್ಣಕಲ್ಲಿನ ಗುಹೆಗಳಲ್ಲಿ ನಡೆದದ್ದು ಅದೇ. ಅಲ್ಲಿ ಸಿಕ್ಕ ಮೀನು ನಲವತ್ತು ಸೆಂಟಿಮೀಟರ್ ದಾಟುತ್ತದೆ, ಗುಹಾಮೀನುಗಳಲ್ಲಿ ಜಗತ್ತಿಗೇ ದೊಡ್ಡದು. 2023ರಲ್ಲಿ ಅದಕ್ಕೆ ಅಲ್ಲಿನ ಪ್ನಾರ್ ಜನರ ಹೆಸರಿಟ್ಟು ನಿಯೋಲಿಸೋಕೈಲಸ್ ಪ್ನಾರ್ ಎಂದು ಕರೆದರು. ಅಂಥ ಗುಹೆಗೆ ಇಳಿಯುವುದು ಕಷ್ಟ, ಆದರೂ ಇಳಿಯಬಹುದು. ಕೇರಳದ ಮೀನು ಇರುವುದು ಗುಹೆಯಲ್ಲಲ್ಲ, ಕಲ್ಲಿನ ರಂಧ್ರಗಳಲ್ಲಿ. ಬಾವಿಯ ಗೋಡೆಯಲ್ಲಿ ಒರತೆ ಜಿನುಗುತ್ತದಲ್ಲ, ಆ ಒರತೆಯ ಹಿಂದೆ. ಅಲ್ಲಿಗೆ ಇಳಿಯುವ ಹಗ್ಗ ಯಾರ ಬಳಿಯೂ ಇಲ್ಲ.

ಆ ಕಲ್ಲಿನ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ನಮ್ಮ ಕರಾವಳಿಯವರು ಅದನ್ನು ಮುರಕಲ್ಲು ಎನ್ನುತ್ತಾರೆ, ಕೆಂಪುಕಲ್ಲು ಎನ್ನುತ್ತಾರೆ. ಪುಸ್ತಕದಲ್ಲಿ ಜಂಬಿಟ್ಟಿಗೆ. ನೆಲದಲ್ಲಿರುವಾಗ ಕತ್ತಿಗೂ ಬಗ್ಗುವಷ್ಟು ಮೆದು, ಕಡಿದು ಬಿಸಿಲಿಗಿಟ್ಟರೆ ಗಟ್ಟಿ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿ ಕಂಡದ್ದನ್ನೆಲ್ಲ ಬರೆದಿಟ್ಟ. ಇಂದಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಅವನು ಈ ಕಲ್ಲನ್ನು ಕಂಡ. ಜನ ಅದನ್ನು ಇಟ್ಟಿಗೆ ಕಲ್ಲು ಎಂಬರ್ಥದ ಮಾತಿನಿಂದಲೇ ಕರೆಯುತ್ತಿದ್ದರು. ಅವನು ಅದನ್ನೇ ಲ್ಯಾಟಿನ್‌ಗೆ ತಿರುಗಿಸಿ ‘ಲ್ಯಾಟರೈಟ್’ ಎಂದ; 1807ರಲ್ಲಿ ಅವನ ಪುಸ್ತಕ ಅಚ್ಚಾದ ಮೇಲೆ ಹೆಸರು ಜಗತ್ತಿನ ಭೂವಿಜ್ಞಾನಕ್ಕೆಲ್ಲ ಹಬ್ಬಿತು. ಊರವರ ಮಾತು ವಿಜ್ಞಾನದ ಹೆಸರಾದ ಈ ಸಂಗತಿಯನ್ನು ನೆನಪಿಡಿ. ನಮ್ಮ ಮೀನಿನ ಕತೆಯಲ್ಲೂ ಊರವರು ಹಾಗೆಯೇ ಬರುತ್ತಾರೆ.

ಮುರಕಲ್ಲನ್ನು ಕಡಿದು ನೋಡಿದವರಿಗೆ ಗೊತ್ತು, ಅದರ ಮೈತುಂಬ ತೂತು. ಜೇನುಹುಟ್ಟಿನ ಹಾಗೆ. ಮಳೆಗಾಲದ ನೀರೆಲ್ಲ ಆ ತೂತು, ಬಿರುಕು, ಕೊಳವೆಗಳಲ್ಲಿ ಇಳಿದು, ಕೆಳಗೆ ಜೇಡಿ ಸಿಕ್ಕಲ್ಲಿ ನಿಂತು, ಅಡ್ಡಕ್ಕೆ ಹರಿಯುತ್ತದೆ. ಬಾವಿ ಎಂದರೆ ಆ ಹರಿವಿಗೆ ನಾವು ಮೇಲಿನಿಂದ ಕೊರೆದ ಕಿಟಕಿ. ಕೇರಳದಲ್ಲಿ ಅಂಥ ಕಿಟಕಿಗಳು ಅರುವತ್ತು ಲಕ್ಷಕ್ಕೂ ಹೆಚ್ಚು ಎಂದು ಅಂದಾಜು. ಮನೆಗೊಂದು ಬಾವಿ ಅಲ್ಲಿ ಗಾದೆಯಲ್ಲ, ಲೆಕ್ಕ.

ಮೊದಲ ಕಿಟಕಿ ತೆರೆದದ್ದು ಕೊಟ್ಟಾಯಂನಲ್ಲಿ. ಅಲ್ಲಿನ ಬಾವಿಗಳಲ್ಲಿ ಸಿಕ್ಕ ಪುಟ್ಟ ಮೀನುಗಳು ಕಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಎ. ಜಿ. ಕೆ. ಮೆನನ್ ಅವರ ಮೇಜಿಗೆ ಬಂದವು. ಕಣ್ಣೇ ಇಲ್ಲ. ಸಣ್ಣ ಕಣ್ಣೋ ಮಂಜುಗಣ್ಣೋ ಅಲ್ಲ, ಕಣ್ಣಿರಬೇಕಾದಲ್ಲಿ ಬರೀ ಚರ್ಮ. ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆ. ಎದೆಯ ರೆಕ್ಕೆಗಳು ಸವೆದು ಹೆಸರಿಗಷ್ಟೇ ಉಳಿದಿವೆ. ಮೈಯಲ್ಲಿ ಬಣ್ಣದ ಕಣವೇ ಇಲ್ಲ. ಕೆಂಪಾಗಿ ಕಾಣುವುದು ಚರ್ಮದಡಿಯ ರಕ್ತ. ಮೀಸೆಯನ್ನೂ ಎಲುಬನ್ನೂ ನೋಡಿ ಮೆನನ್ ಇದು ಕ್ಲಾರಿಡೆ ಕುಟುಂಬದ್ದು ಎಂದರು. ಅಂದರೆ ನಮ್ಮ ಗದ್ದೆಯ ತೋಡುಗಳಲ್ಲಿ ಮಳೆ ಬಿದ್ದ ರಾತ್ರಿ ನೆಲದ ಮೇಲೆ ತೆವಳಿ ಹೋಗುವ ಮುಗುಡು ಮೀನಿನ ನೆಂಟ! ಆ ದಪ್ಪ ಕಪ್ಪು ಮೈಯ ಗಟ್ಟಿಗನಿಗೆ ಈ ನೂಲಿನೆಳೆ ದಾಯಾದಿ ಎಂದರೆ ನಂಬುವುದು ಕಷ್ಟ. 1950ರಲ್ಲಿ ಮೆನನ್ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ‘ಗಮನಾರ್ಹ’ ಎಂಬ ವಿಶೇಷಣವಿದೆ. ವಿಜ್ಞಾನದ ಲೇಖನಗಳ ಶೀರ್ಷಿಕೆಯಲ್ಲಿ ಅಂಥ ಪದಗಳಿಗೆ ಸುಲಭವಾಗಿ ಜಾಗ ಸಿಗುವುದಿಲ್ಲ.

ಹೊಸ ಕುಲಕ್ಕೆ ಅವರು ಹೊರಾಗ್ಲಾನಿಸ್ ಎಂದು ಹೆಸರಿಟ್ಟರು. ‘ಗ್ಲಾನಿಸ್’ ಎಂದರೆ ಗ್ರೀಕಿನಲ್ಲಿ ಮೀಸೆಯ ಮೀನು. ‘ಹೊರಾ’ ಎಂದರೆ ಸುಂದರ್ ಲಾಲ್ ಹೊರಾ, ಆಗ ಸರ್ವೇಕ್ಷಣಾಲಯದ ನಿರ್ದೇಶಕರು, ಮೀನುಗಳ ವಿಷಯದಲ್ಲಿ ದೇಶಕ್ಕೇ ಹಿರಿಯರು. ಮೀನಿನ ಪೂರ್ತಿ ಹೆಸರು ಹೊರಾಗ್ಲಾನಿಸ್ ಕೃಷ್ಣೈ.

ಆಮೇಲೆ ದೀರ್ಘ ಮೌನ. ಟಿ. ವಿ. ಅನ್ನಾ ಮರ್ಸಿ ಮತ್ತು ಸಂಗಡಿಗರು ಈ ಮೀನಿನ ಶರೀರ ರಚನೆಯನ್ನು ಶ್ರಮಪಟ್ಟು ಅಭ್ಯಾಸ ಮಾಡಿದರು. ಅದನ್ನು ಬಿಟ್ಟರೆ ಅರ್ಧ ಶತಮಾನ ಹೊಸ ಸುದ್ದಿಯಿಲ್ಲ. ಸಿಗಬೇಕಲ್ಲ! ಬಲೆ ಹಾಕುವುದೆಲ್ಲಿಗೆ? ನದಿಯ ಮೀನನ್ನು ಹುಡುಕುವವನು ನದಿಗೆ ಹೋಗುತ್ತಾನೆ. ಇದನ್ನು ಹುಡುಕುವವನು ಯಾರದೋ ಹಿತ್ತಲಿನ ಬಾವಿಕಟ್ಟೆಯ ಬಳಿ ನಿಂತು, ಇವತ್ತೇ ಹೂಳು ತೆಗೆಸುತ್ತೀರಾ ಎಂದು ಕೇಳಬೇಕು.

2004ರಲ್ಲಿ ತ್ರಿಶ್ಶೂರು ಜಿಲ್ಲೆಯ ಪರಪ್ಪೂಕ್ಕರದಿಂದ ಎರಡನೆಯ ಜಾತಿ ಬಂತು. ಸುಭಾಷ್ ಬಾಬು ಮತ್ತು ನಾಯರ್ ಅದಕ್ಕೆ ಅಲಿಕುಂಞಿಯವರ ಹೆಸರಿಟ್ಟರು. ಈ ಕೆ. ಎಚ್. ಅಲಿಕುಂಞಿ ಮತ್ತು ಹೀರಾಲಾಲ್ ಚೌಧರಿ 1957ರಲ್ಲಿ ಪಿಟ್ಯುಟರಿ ಗ್ರಂಥಿಯ ಚುಚ್ಚುಮದ್ದು ಕೊಟ್ಟು ನಮ್ಮ ಕಾರ್ಪ್ ಮೀನುಗಳು ಮೊಟ್ಟೆಯಿಡುವಂತೆ ಮಾಡಿದವರು. ಕರ್ನಾಟಕದ ಕೆರೆಗಳಿಗೆ ಇವತ್ತು ಬಿಡುವ ಕಾಟ್ಲಾ, ರೋಹು ಮರಿಗಳ ಹಿಂದೆ ಅವರ ಆ ಕೆಲಸವಿದೆ. 2012ರಲ್ಲಿ ಅದೇ ಜಿಲ್ಲೆಯ ಇರಿಂಞಾಲಕ್ಕುಡದಿಂದ ಮೂರನೆಯದು. ಅದಕ್ಕೆ ಅಬ್ದುಲ್ ಕಲಾಂ ಅವರ ಹೆಸರು. ಆಕಾಶಕ್ಕೆ ಕ್ಷಿಪಣಿ ಹಾರಿಸಿದವರ ಹೆಸರು ಪಾತಾಳದ ಮೀನಿಗೆ. ಇಟ್ಟವರಿಗೆ ಒಳ್ಳೆಯ ಹಾಸ್ಯಪ್ರಜ್ಞೆ ಇತ್ತೋ ಬರೀ ಗೌರವವಿತ್ತೋ, ಎರಡೂ ಸರಿಯೇ.

ಇಲ್ಲಿಯವರೆಗೆ ಮೂರು ಜಾತಿ, ಬೆರಳೆಣಿಕೆಯ ಮಾದರಿಗಳು. ಅರುವತ್ತು ವರ್ಷಕ್ಕೆ ಇಷ್ಟೆ. ಕತೆ ತಿರುಗಿದ್ದು ಕೊಚ್ಚಿಯ ಪನಂಙಾಡಿನಲ್ಲಿರುವ ಕೇರಳ ಮೀನುಗಾರಿಕೆ ಮತ್ತು ಸಾಗರ ಅಧ್ಯಯನ ವಿಶ್ವವಿದ್ಯಾಲಯದ ರಾಜೀವ್ ರಾಘವನ್, ರೆಮ್ಯಾ ಸುಂದರ್, ಅರ್ಜುನ್ ಅವರು ಈ ಮೀನಿನ ಬೆನ್ನು ಹತ್ತಿದ ಮೇಲೆ. ಜೊತೆಗೆ ಶಿವ ನಾಡಾರ್ ವಿಶ್ವವಿದ್ಯಾಲಯದ ನೀಲೇಶ್ ದಹಾನುಕರ್, ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವ ಸೆಂಕನ್‌ಬರ್ಗ್ ಸಂಗ್ರಹಾಲಯದ ರಾಲ್ಫ್ ಬ್ರಿಟ್ಸ್. ಆರು ವರ್ಷ ಹುಡುಕಿದರು. ಬಾವಿಗಳನ್ನು ಜಾಲಾಡಿದರು, ಹಿತ್ತಲ ಕೆರೆಗಳನ್ನು ನೋಡಿದರು, ಮನೆಗಳ ಓವರ್‌ಹೆಡ್ ಟ್ಯಾಂಕಿಗೆ ಏರುವ ನೀರನ್ನು ಸೋಸಿದರು. ಆದರೆ ಲಕ್ಷಗಟ್ಟಲೆ ಬಾವಿಗಳ ಮುಂದೆ ಐದಾರು ಜನ ಎಷ್ಟೆಂದು ಓಡಾಡಿಯಾರು?

ಆಗ ಅವರು ಮಾಡಿದ್ದು ನನ್ನ ಲೆಕ್ಕದಲ್ಲಿ ಈ ಇಡೀ ಕತೆಯ ಜಾಣತನದ ಕೆಲಸ. ಊರೂರಿನ ಜನರಿಗೆ ಮೀನಿನ ಚಿತ್ರ ತೋರಿಸಿ ‘ಇಂಥದ್ದು ಕಂಡರೆ ಎಸೆಯಬೇಡಿ, ನಮಗೆ ಹೇಳಿ’ ಎಂದರು. ಹುಡುಕುವ ಕೆಲಸವನ್ನು ನೀರು ಸೇದುವವರಿಗೇ ಒಪ್ಪಿಸಿದರು. ಪಾತ್ರೆ ತೊಳೆಯುವ ಹೊತ್ತಿಗೆ, ಸ್ನಾನದ ಹೊತ್ತಿಗೆ, ಮೋಟಾರು ಹಾಕಿದ ಹೊತ್ತಿಗೆ ಯಾರದೋ ಕಣ್ಣು ಬಕೆಟ್ಟಿನ ಮೇಲೆ ಇದ್ದೇ ಇರುತ್ತದೆ. ಆ ಕಣ್ಣಿಗೆ ಏನು ನೋಡಬೇಕೆಂದು ಗೊತ್ತಿರಲಿಲ್ಲ, ಅಷ್ಟೆ.

ಅದು ಫಲ ಕೊಟ್ಟಿತು ಎನ್ನಲು ಒಂದೆರಡು ಉದಾಹರಣೆ ಸಾಕು. 2020ರ ಡಿಸೆಂಬರ್‌ನಲ್ಲಿ ಚೆಂಙನ್ನೂರಿನ ಒಂದು ಮನೆಯಲ್ಲಿ ನಿವೃತ್ತ ಸೈನಿಕರೊಬ್ಬರು ಸ್ನಾನಕ್ಕೆಂದು ನಲ್ಲಿ ತಿರುಗಿಸಿ ಬಕೆಟ್ ತುಂಬಿಸಿದರು. ನೀರಿನಲ್ಲಿ ಕೆಂಪು ಎಳೆ ಸುಳಿದಾಡಿತು. ಅವರು ಚೆಲ್ಲಲಿಲ್ಲ. ವಿಜ್ಞಾನಿಗಳಿಗೆ ತಲುಪಿದ ಆ ಮೀನು ನಮ್ಮ ಮೀಸೆಯ ಮೀನಲ್ಲ, ಲೋಚ್ ಎಂಬ ಬೇರೆಯೇ ಬಳಗದ ಹೊಸ ಜಾತಿ. 2022ರಲ್ಲಿ ಅದರ ಹೆಸರು ಪಾಂಜಿಯೋ ಪಾತಾಳ ಎಂದಾಯಿತು. ಪುರಾಣದ ಪಾತಾಳವೇ. ಮುಂದೆ ಹಾಲಿವುಡ್ ನಟ ಲಿಯನಾರ್ಡೋ ಡಿಕಾಪ್ರಿಯೋ ಇದರ ಚಿತ್ರವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿ ಮೆಚ್ಚಿಕೊಂಡರು. ಇದರ ಅಣ್ಣನಂಥದ್ದು ಇನ್ನೊಂದಿದೆ. 2019ರಲ್ಲಿ ಕೋಝಿಕ್ಕೋಡ್ ಜಿಲ್ಲೆಯಿಂದ ಬಂದ ಅದರ ಬಣ್ಣ, ಆಕಾರ ಎರಡೂ ಖಾರದ ಅಂಗಡಿಯ ಭುಜಿಯಾ ಎಳೆಯ ಹಾಗೆ. ವಿಜ್ಞಾನಿಗಳು ಹಿಂದೆಮುಂದೆ ನೋಡದೆ ಪಾಂಜಿಯೋ ಭುಜಿಯಾ ಎಂದೇ ಹೆಸರಿಟ್ಟರು.

2018ರ ಆಗಸ್ಟ್ ನೆರೆಯ ನಂತರ ಮಲಪ್ಪುರಂ ಜಿಲ್ಲೆಯ ಊರಗಂ ಎಂಬಲ್ಲಿ ಗದ್ದೆಯ ನೀರಿನಲ್ಲಿ ಸಿಕ್ಕಿದ್ದಂತೂ ಇವೆಲ್ಲಕ್ಕಿಂತ ವಿಚಿತ್ರ. ಒಂಬತ್ತು ಸೆಂಟಿಮೀಟರಿನ, ಹಾವಿನಂತೆ ನೀಳವಾದ, ಉದ್ದನೆಯ ರೆಕ್ಕೆಯನ್ನು ಅಲೆಅಲೆಯಾಗಿ ಆಡಿಸುವ ಮೀನು. ನೆರೆಯ ನೀರು ಒಳಗಿನ ಕೊಳವೆಗಳಿಂದ ಅದನ್ನು ಹೊರಕ್ಕೆ ನೂಕಿತ್ತು. ಸಿಕ್ಕವರು ಫೋಟೋ ಹಾಕಿದರು, ಫೋಟೋ ಕೈಯಿಂದ ಕೈಗೆ ಹೋಗಿ ವಿಜ್ಞಾನಿಗಳನ್ನು ಮುಟ್ಟಿತು. ಅದು ಮರಲ್ ಮೀನಿನ ದೂರದ ಸಂಬಂಧಿ, ಆದರೆ ಎಷ್ಟು ದೂರವೆಂದರೆ ಒಂದು ಅಂದಾಜಿನಂತೆ ಕವಲೊಡೆದು ಹತ್ತು ಕೋಟಿ ವರ್ಷಕ್ಕೂ ಮೇಲಾಗಿದೆ. ಅದಕ್ಕಾಗಿ ಒಂದು ಹೊಸ ಕುಟುಂಬವನ್ನೇ ಮಾಡಬೇಕಾಯಿತು. ಹೆಸರು ಏನಿಗ್ಮಚನ್ನಾ ಗೊಲಮ್; ಟೋಲ್ಕಿನ್ ಕತೆಗಳಲ್ಲಿ ಕತ್ತಲಲ್ಲೇ ಬದುಕಿ ವಿಕಾರಗೊಂಡ ಜೀವಿಯ ಹೆಸರು. ಬುಕಾನನ್ ಲ್ಯಾಟರೈಟ್‌ಗೆ ಹೆಸರಿಟ್ಟ ಜಿಲ್ಲೆಯಲ್ಲೇ, ಅದೇ ಕಲ್ಲಿನಡಿಯಿಂದ ಇದು ಬಂದದ್ದು. ಇನ್ನೂರು ವರ್ಷ ನಾವು ಆ ಕಲ್ಲನ್ನು ಕಡಿದು ಮನೆ ಕಟ್ಟಿದ್ದೇವೆ. ಒಳಗೆ ಯಾರಿದ್ದಾರೆಂದು ಕೇಳಿರಲಿಲ್ಲ.

ಮತ್ತೆ ನಮ್ಮ ಕಣ್ಣಿಲ್ಲದ ಮೀಸೆಯ ಮೀನಿಗೆ ಬರೋಣ.

ಆರು ವರ್ಷದ ಹುಡುಕಾಟ ಮುಗಿಯುವ ಹೊತ್ತಿಗೆ ಹೊರಾಗ್ಲಾನಿಸ್ ಸಿಕ್ಕ 47 ಹೊಸ ಜಾಗಗಳು ಪಟ್ಟಿಯಲ್ಲಿದ್ದವು. 65 ಹೊಸ ಡಿಎನ್‌ಎ ಸರಣಿಗಳು ಕೈಯಲ್ಲಿದ್ದವು. ಫೋಟೋ ಬರೀ ಸುಳಿವು ಕೊಡುತ್ತದೆ. ಜಾತಿ ಯಾವುದೆಂದು ಹೇಳಲು ಮೀನೇ ಬೇಕು, ಅದರ ಮಾಂಸದ ಚೂರು ಬೇಕು. ಆ ಮೀನನ್ನು ಬಕೆಟ್ಟಿನಲ್ಲೋ ಬಾಟಲಿಯಲ್ಲೋ ಇಟ್ಟು ಕಾದ ಮನೆಯವರಿಲ್ಲದಿದ್ದರೆ ಆ ಸರಣಿಗಳಲ್ಲಿ ಎಷ್ಟೋ ಇರುತ್ತಿರಲಿಲ್ಲ.

ಅಚ್ಚರಿ ಕಾದಿದ್ದು ಪ್ರಯೋಗಾಲಯದಲ್ಲಿ. ಮೀನುಗಳನ್ನು ಸಾಲಾಗಿಟ್ಟು ನೋಡಿದರೆ ಎಲ್ಲ ಒಂದೇ. ಅದೇ ಮೀಸೆ, ಅದೇ ಕೆಂಪು, ಅದೇ ಕಣ್ಣಿಲ್ಲದ ಮುಖ. ಹೊರಗಿನಿಂದ ಗೆರೆ ಎಳೆಯಲು ಏನೂ ಸಿಗದು. ಡಿಎನ್‌ಎ ಹೇಳಿದ ಕತೆ ಬೇರೆ. ಮೀನುಗಳನ್ನು ಗುರುತಿಸಲು ಸಾಮಾನ್ಯವಾಗಿ ಬಳಸುವ ಒಂದು ಮೈಟೋಕಾಂಡ್ರಿಯಾ ಜೀನ್ ಇದೆ. ಎರಡು ಮೀನುಗಳ ನಡುವೆ ಅದರಲ್ಲಿ ಶೇಕಡಾ ಎರಡೋ ಮೂರೋ ವ್ಯತ್ಯಾಸ ಕಂಡರೆ ಬೇರೆ ಜಾತಿ ಇರಬಹುದು ಎಂದು ಸಂಶಯಪಡುತ್ತಾರೆ. ಇಲ್ಲಿ ಜಾತಿ ಜಾತಿಗಳ ನಡುವೆ ಶೇಕಡಾ ಏಳಕ್ಕೂ ಹೆಚ್ಚು. ಮೈ ನಿಂತಲ್ಲೇ ನಿಂತಿದೆ, ಜೀನು ಮಾತ್ರ ಬಹುದೂರ ನಡೆದುಬಿಟ್ಟಿದೆ. ನೆಲದಡಿಯ ಕತ್ತಲು ಎಲ್ಲೆಡೆ ಒಂದೇ ತರಹದ್ದು, ಮೈ ಬದಲಾಗಲು ಕಾರಣವೇ ಇಲ್ಲ. ಆದರೆ ನೆಲದಡಿಯ ನೀರು ಎಲ್ಲೆಡೆ ಒಂದಕ್ಕೊಂದು ಕೂಡಿಲ್ಲ. ಒಂದು ಗುಡ್ಡದಡಿಯ ಮೀನಿಗೆ ಪಕ್ಕದ ಗುಡ್ಡದಡಿಯದ್ದು ಬೇರೆ ಲೋಕ. ಹೀಗೆ ಅರ್ಥಮಾಡಿಕೊಂಡರೆ ಈ ವಿಚಿತ್ರ ಸ್ವಲ್ಪ ತಿಳಿಯುತ್ತದೆ.

ಕಣ್ಣು ಹೋದದ್ದೇಕೆ ಎಂಬ ಪ್ರಶ್ನೆ ಹಳೆಯದು. ಗುಹೆಯ ಪ್ರಾಣಿಗಳ ಕಣ್ಣು ಬಳಕೆಯಿಲ್ಲದೆ ಹೋಯಿತು ಎಂದು ಡಾರ್ವಿನ್ 1859ರಲ್ಲೇ ಬರೆದ. ಈಗಿನವರು ಇನ್ನೊಂದು ಮಾತು ಸೇರಿಸುತ್ತಾರೆ: ಕಣ್ಣು ಮತ್ತು ಅದರ ಹಿಂದಿನ ಮಿದುಳು ದುಬಾರಿ ಅಂಗಗಳು, ಹಗಲಿರುಳು ಶಕ್ತಿ ತಿನ್ನುತ್ತವೆ. ಅನ್ನ ಕಡಿಮೆ ಇರುವ ಮನೆಯಲ್ಲಿ ಕೆಲಸವಿಲ್ಲದ ಆಳನ್ನು ಇಟ್ಟುಕೊಳ್ಳುವುದು ಹೇಗೆ? ನೆಲದಡಿಯಲ್ಲಿ ಹಸಿರಿಲ್ಲ. ಮೇಲಿನಿಂದ ಜಿನುಗುವ ನೀರಿನೊಂದಿಗೆ ಬಂದದ್ದೇ ಊಟ.

ಆ 65 ಸರಣಿಗಳಲ್ಲಿ ಒಂದು ಗುಂಪು ಹಿಂದಿನ ಮೂರು ಜಾತಿಗಳಲ್ಲಿ ಯಾವುದಕ್ಕೂ ಸೇರಲಿಲ್ಲ. ವಂಶವೃಕ್ಷ ಬರೆದಾಗ ಅದು ಉಳಿದೆಲ್ಲವುಗಳಿಗಿಂತ ಮೊದಲೇ ಕವಲೊಡೆದ ಕೊಂಬೆಯಾಗಿ ನಿಂತಿತು. ಅಂದರೆ ಮೂರು ಜಾತಿಗಳು ಒಂದು ಕಡೆ, ಇದೊಂದೇ ಇನ್ನೊಂದು ಕಡೆ. 2023ರಲ್ಲಿ ‘ವರ್ಟಿಬ್ರೇಟ್ ಝೂಆಲಜಿ’ ಪತ್ರಿಕೆಯಲ್ಲಿ ನಾಲ್ಕನೆಯ ಜಾತಿ ಪ್ರಕಟವಾಯಿತು. ಹೆಸರಿಡಲು ಹಿರಿಯ ವಿಜ್ಞಾನಿಗಳಿಗೆ, ರಾಷ್ಟ್ರಪತಿಗಳಿಗೆ ಕೊರತೆಯಿರಲಿಲ್ಲ. ಅವರು ಇಟ್ಟದ್ದು ಹೊರಾಗ್ಲಾನಿಸ್ ಪಾಪ್ಯುಲಿ. ಲ್ಯಾಟಿನ್‌ನಲ್ಲಿ ‘ಜನರ’ ಎಂದರ್ಥ. ನಿರ್ದೇಶಕರಿಂದ ಹೊರಟು ವಿಜ್ಞಾನಿಗಳು, ರಾಷ್ಟ್ರಪತಿಗಳ ಮೂಲಕ ಬಂದ ಈ ಕುಲದ ಹೆಸರುಗಳ ಸಾಲು ಕೊನೆಗೆ ಬಾವಿ ತೊಳೆಯುವವರ ಬಾಗಿಲಿಗೆ ಬಂತು. ನಾನು ಓದಿದ ಮೀನಿನ ಹೆಸರುಗಳಲ್ಲಿ ನ್ಯಾಯವಾಗಿ ಸಂದ ಹೆಸರೆಂದರೆ ಇದೇ.

ಆದರೆ ಆ ಜನರೇ ಅದಕ್ಕೆ ಅಪಾಯವೂ ಹೌದು. ಮುರಕಲ್ಲಿನ ಕೋರೆ ಆಳಕ್ಕಿಳಿದಂತೆ ಮೀನಿನ ಮನೆಯೇ ಲಾರಿ ಹತ್ತುತ್ತದೆ. ಮೋಟಾರು ಎಳೆದಷ್ಟೂ ಒರತೆ ಕೆಳಗಿಳಿಯುತ್ತದೆ. 2018ರ ನೆರೆ ಇಳಿದ ಮೇಲೆ ರೋಗ ಹರಡದಿರಲೆಂದು ಬಾವಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದರು. ಹಾಕಲೇಬೇಕಿತ್ತು, ತಪ್ಪೆನ್ನಲಾಗದು. ಆದರೂ ಒರತೆಯ ಬಾಯಿಗೆ ಬಂದಿದ್ದ ಎಷ್ಟು ಕೆಂಪು ಎಳೆಗಳು ಆ ವಾಸನೆಗೆ ಬಿಳಿಚಿಕೊಂಡವೋ. ಹುಲಿ ಆನೆಗಳಿಗೆ ಕಾಡು ಗುರುತಿಸಿ ಬೇಲಿ ಹಾಕಬಹುದು. ಸಾವಿರಾರು ಮನೆಗಳ ಹಿತ್ತಲಿನಡಿ ಹಬ್ಬಿರುವ ಅಭಯಾರಣ್ಯಕ್ಕೆ ಬೇಲಿ ಎಲ್ಲಿ ಹಾಕುವುದು?

ಕೊನೆಗೆ ನಮ್ಮ ಕಡೆಯ ಮಾತು. 2021ರಲ್ಲಿ ಮುಂಬಯಿಯ ಜೋಗೇಶ್ವರಿಯಲ್ಲಿ, ಅಂಧ ಮಕ್ಕಳ ಶಾಲೆಯೊಂದರ ಆವರಣದ ಬಾವಿಯಿಂದ, ಕಣ್ಣಿಲ್ಲದ ಹಾವಿನಂಥ ಮೀನೊಂದು ವಿಜ್ಞಾನಕ್ಕೆ ಸಿಕ್ಕಿತು. ಕತೆಗಾರ ಹೀಗೆ ಬರೆದಿದ್ದರೆ ಸಂಪಾದಕರು ಅತಿಯಾಯಿತು ಎನ್ನುತ್ತಿದ್ದರು. ಅದು ರಕ್ತಮಿಕ್ತಿಸ್ ಮುಂಬಾ. ರಕ್ತದ ಬಣ್ಣದ ಈ ಕುಲದ ಮೀನುಗಳು ಕೇರಳದ ಬಾವಿಗಳಲ್ಲೂ ಇವೆ. ಉತ್ತರಕ್ಕೆ ಮುಂಬಯಿ, ದಕ್ಷಿಣಕ್ಕೆ ಕೇರಳ. ನಡುವೆ ಕಾರವಾರದಿಂದ ಉಳ್ಳಾಲದವರೆಗೆ ನಮ್ಮ ಕರಾವಳಿ, ಅದರ ಮುರಕಲ್ಲು, ಅದರ ಲಕ್ಷಾಂತರ ಬಾವಿಗಳು. ಬಂಟ್ವಾಳ, ಪುತ್ತೂರು, ಕಾಸರಗೋಡಿನ ಗುಡ್ಡಗಳಲ್ಲಿ ಬಾವಿ ಸಾಲದೆ ಅಡ್ಡಕ್ಕೆ ಕೊರೆದ ಸುರಂಗಗಳೂ ಇವೆ. ಕೈಯಲ್ಲಿ ದೀಪ ಹಿಡಿದು, ಮೊಣಕಾಲೂರಿ ಒರತೆ ಹುಡುಕಿಕೊಂಡು ಹೋದ ಸುರಂಗದ ಕೆಲಸಗಾರರಷ್ಟು ಈ ಕಲ್ಲಿನ ಒಳಮೈ ಬಲ್ಲವರು ಯಾರಿದ್ದಾರೆ?

ಆದ್ದರಿಂದ ಬರುವ ಬೇಸಿಗೆಯಲ್ಲಿ ನಿಮ್ಮ ಬಾವಿಯ ಹೂಳು ತೆಗೆಸುವಾಗ ಇಳಿದವರಿಗೆ ಒಂದು ಮಾತು ಹೇಳಿಡಿ. ಕೆಸರಿನಲ್ಲಿ ಕೆಂಪು ಎಳೆ ಅಲುಗಿದರೆ ಚೆಲ್ಲಬೇಡಿ. ಅದೇ ಬಾವಿಯ ನೀರು ತುಂಬಿದ ಬಿಳಿ ಬೇಸಿನ್ನಿಗೆ ಮೆಲ್ಲಗೆ ಬಿಟ್ಟು, ನೆರಳಿನಲ್ಲಿಟ್ಟು, ಪಕ್ಕದಲ್ಲೊಂದು ನಾಣ್ಯ ಹಾಕಿ ಫೋಟೋ ತೆಗೆಯಿರಿ. ಮಂಗಳೂರಿನ ಮೀನುಗಾರಿಕಾ ಕಾಲೇಜಿಗೋ ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರಿಗೋ ಫೋನು ಮಾಡಿ. ಅವರು ಬರುವವರೆಗೆ ನೀರಿಗೆ ನಲ್ಲಿಯ ನೀರು ಬೆರೆಸಬೇಡಿ. ಅದರಲ್ಲಿ ಕ್ಲೋರಿನ್ ಇರುತ್ತದೆ.